ಶಿರಾಡಿಯೋ, ಸಂಪಾಜೆಯೋ?

ಮೂರು ದಿನ ರಜೆ ಸಿಕ್ಕರೆ ಸಾಕು, ಅರ್ಧ ಬೆಂಗಳೂರು ಕಡಲಿನ ಕಡೆ ಮುಖ ಮಾಡುತ್ತೆ. ಆಗ ಮನೆಮನೆಯಲ್ಲೂ ಒಂದೇ ಚರ್ಚೆ: ಮಂಗಳೂರಿಗೆ ಹಾಸನದ ಮೇಲೆ ಹೋಗೋದಾ, ಮಡಿಕೇರಿ ಮೇಲಾ?

ಮಲ್ಲೇಶ್ವರದವರಿಗೆ ಹಾಸನವೇ ಸಲೀಸು. ಯಶವಂತಪುರ ದಾಟಿ, ನೆಲಮಂಗಲದಲ್ಲಿ ಹೆದ್ದಾರಿ 75 ಹಿಡಿದರೆ ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ. ಒಟ್ಟು ಸುಮಾರು 350 ಕಿ.ಮೀ. ಚಾಮರಾಜಪೇಟೆ, ಬಸವನಗುಡಿಯವರಿಗೆ ಮೈಸೂರು ರಸ್ತೆ ಮನೆ ಬಾಗಿಲಲ್ಲೇ ಇದೆ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲಂತೂ ಮೈಸೂರು ಪಕ್ಕದ ಬೀದಿಯಂತಾಗಿದೆ. ಬೈಕ್‌ನವರಿಗೆ ಮಾತ್ರ ಅದೇ ವರ್ಷದ ಆಗಸ್ಟ್‌ನಿಂದ ಸರ್ವಿಸ್ ರಸ್ತೆಯೇ ಗತಿ. ಮುಂದೆ ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು. ದಾರಿ ಉದ್ದ, ತಿರುವು ಜಾಸ್ತಿ. ಮಾಣಿಯಲ್ಲಿ ಎರಡೂ ದಾರಿ ಕೂಡುತ್ತವೆ.

ಬೇಸಿಗೆಯಲ್ಲಿ ನನ್ನ ತೀರ್ಪು ಸರಳ. ಬೇಗ ತಲುಪಬೇಕಾ? ಶಿರಾಡಿ. ನಡುವೆ ಒಂದು ರಾತ್ರಿ ತಂಗುವ ಆಸೆಯಾ? ಮಡಿಕೇರಿ.

ಆದರೆ ಮಳೆಗಾಲದಲ್ಲಿ ಆಯ್ಕೆ ನಮ್ಮ ಕೈಯಲ್ಲಿ ಇರೋದಿಲ್ಲ. 2018ರ ಜುಲೈನಲ್ಲಿ ಕಾಂಕ್ರೀಟ್ ಕೆಲಸ ಮುಗಿದು ತೆರೆದ ಶಿರಾಡಿ, ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮತ್ತೆ ಮುಚ್ಚಿತು. ಅದೇ ತಿಂಗಳು ಸಂಪಾಜೆ ರಸ್ತೆಯೂ ಕೊಚ್ಚಿಹೋಯಿತು. 2019ರಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈನಲ್ಲಿ ಸಕಲೇಶಪುರದ ಬಳಿ ದೋಣಿಗಲ್‌ನಲ್ಲಿ ಮತ್ತೆ ಕುಸಿತ. ಅದೇ ತಿಂಗಳ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡವೇ ಬಿತ್ತು. ರಸ್ತೆ ಬದಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬವೇ ಮಣ್ಣಿನಡಿ ಹೋಯಿತು.

ನಾನು ಓದಿದ್ದು ಇಂಜಿನಿಯರಿಂಗ್. ಇದು ಮೊದಲ ವರ್ಷದ ಹುಡುಗರಿಗೂ ಅರ್ಥವಾಗೋ ವಿಷಯ ಸ್ವಾಮಿ. ಮಣ್ಣು ತಾನಾಗಿ ನಿಲ್ಲೋಕೆ ಒಂದು ಇಳಿಜಾರು ಬೇಕು. ರಸ್ತೆ ಅಗಲ ಮಾಡೋಕೆ ಗುಡ್ಡವನ್ನ ಗೋಡೆಯಂತೆ ನೆಟ್ಟಗೆ ಕತ್ತರಿಸಿದರೆ ಮಳೆನೀರು ಒಳಗಿಳಿದು ಮಣ್ಣು ಭಾರವಾಗುತ್ತೆ, ಹಿಡಿತ ಸಡಿಲವಾಗುತ್ತೆ, ಕುಸಿಯುತ್ತೆ. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಮೇಲೆ ಚರಂಡಿ ಮಾಡಿ, ತಡೆಗೋಡೆಯಲ್ಲಿ ನೀರು ಬಸಿಯಲು ತೂತು ಬಿಟ್ಟರೆ ಅಪಾಯ ತಗ್ಗುತ್ತೆ. ಖರ್ಚು ಜಾಸ್ತಿ, ಜಾಗವೂ ಜಾಸ್ತಿ ಬೇಕು, ನಿಜ. ಆದರೆ ಬಿದ್ದ ಗುಡ್ಡವನ್ನ ಪ್ರತಿ ಮಳೆಗಾಲ ಎತ್ತಿಹಾಕೋದೇನು ಪುಕ್ಕಟೆಯೇ?

ನಮಗದು ರಜೆಯ ದಾರಿ. ಸುಳ್ಯ, ಪುತ್ತೂರಿನವರಿಗೆ ಹಾಗಲ್ಲ. ಆಸ್ಪತ್ರೆ, ಕಾಲೇಜು, ಅಡಿಕೆ ಮಂಡಿ ಎಲ್ಲಕ್ಕೂ ರಸ್ತೆಯೇ ಬೇಕು. ಹಾಗಾಗಿ ಮಳೆಗಾಲದಲ್ಲಿ ಹೊರಡೋ ಮುನ್ನ ಜಿಲ್ಲಾಡಳಿತದ ಆದೇಶ ನೋಡಿ, ಘಾಟಿಯನ್ನ ಹಗಲಲ್ಲೇ ಇಳಿಯಿರಿ. ವಾಪಸ್ ಬಂದಮೇಲೆ ನಿಮ್ಮ ಸಂಸದರಿಗೆ ಒಂದು ಪ್ರಶ್ನೆ ಕೇಳಿ: ಎಷ್ಟು ಪಥದ ರಸ್ತೆ ಅಂತಲ್ಲ, ಎಷ್ಟು ಮಳೆಗಾಲ ನಿಲ್ಲೋ ರಸ್ತೆ ಅಂತ.