ಒಂದೇ ಬೀಜ, ಎರಡು ಬಣ್ಣ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಬರುವಾಗ ಎರಡು ಡಬ್ಬಿ ತಂದಿದ್ದೇನೆ. ಎರಡರಲ್ಲೂ ತೊಗರಿ ಸಸಿಗಳಿವೆ. ಒಂದೇ ಗಿಡದ ಕಾಳು, ಒಂದೇ ಹೊಲದ ಮಣ್ಣು, ಬಿತ್ತಿದ ದಿನವೂ ಒಂದೇ. ಒಂದನ್ನು ಅಂಗಳದಲ್ಲಿಟ್ಟೆ, ಇನ್ನೊಂದರ ಮೇಲೆ ಗಡಿಗೆ ಬೋರಲು ಹಾಕಿದೆ. ಅಂಗಳದವು ಹಸಿರಾಗಿವೆ. ಗಡಿಗೆಯ ಕೆಳಗಿನವು ಉದ್ದಕ್ಕೆ ಬೆಳೆದು, ಹಳದಿಯಾಗಿ, ತಲೆ ಬಾಗಿಸಿ ನಿಂತಿವೆ. ಬೀಜ ಕೆಟ್ಟದ್ದೇ? ಅಲ್ಲ.

ಜೀವಕೋಶದ ಕೋಶಕೇಂದ್ರದಲ್ಲಿ ಡಿಎನ್‌ಎ ಎಂಬ ದಫ್ತರವಿದೆ. ಅದರ ಒಂದೊಂದು ಪುಟ ಒಂದೊಂದು ವಂಶವಾಹಿ ಎಂದುಕೊಳ್ಳಿ. ತಹಸೀಲ ಕಚೇರಿಯ ಮೂಲ ದಫ್ತರವನ್ನು ಯಾರೂ ಮನೆಗೆ ಒಯ್ಯುವುದಿಲ್ಲ, ಬೇಕಾದ ಪುಟದ ನಕಲು ತೆಗೆಸುತ್ತೇವೆ. ಕೋಶವೂ ಹಾಗೆಯೇ ಮಾಡುತ್ತದೆ. ಆ ನಕಲಿನ ಹೆಸರು ಆರ್‌ಎನ್‌ಎ. ಅದು ಹೊರಬಂದು ರೈಬೋಸೋಮ್ ಸೇರುತ್ತದೆ. ರೈಬೋಸೋಮ್ ಅದನ್ನು ಮೂರು ಮೂರು ಅಕ್ಷರಗಳಂತೆ ಓದುತ್ತ, 20 ಬಗೆಯ ಅಮೈನೋ ಆಮ್ಲಗಳಲ್ಲಿ ಬೇಕಾದ್ದನ್ನು ಆರಿಸಿ ಸರವಾಗಿ ಪೋಣಿಸುತ್ತದೆ. ಆ ಸರ ಮಡಚಿಕೊಂಡರೆ ಪ್ರೋಟೀನು.

ಈ ಮೂರಕ್ಷರದ ಪದಗಳ ಅರ್ಥ ಬಿಡಿಸಿ 1968ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಹರ್‌ಗೋಬಿಂದ್ ಖೊರಾನಾ ಒಬ್ಬರು. ಅವರು ಹುಟ್ಟಿದ್ದು ಪಂಜಾಬಿನ ರಾಯಪುರ ಎಂಬ ಪುಟ್ಟ ಹಳ್ಳಿಯಲ್ಲಿ, ಮೊದಲ ಪಾಠ ಕಲಿತದ್ದು ಮರದ ಕೆಳಗೆ.

ನಮ್ಮ ತೊಗರಿಯ ದಫ್ತರವನ್ನೂ ಓದಿದ್ದಾರೆ. ಹೈದರಾಬಾದಿಗೆ ಹೋಗುವಾಗ ಸಿಗುವ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದ ತಂಡ, ತೊಗರಿಯಲ್ಲಿ 48,680 ವಂಶವಾಹಿಗಳಿರಬಹುದೆಂದು 2011ರಲ್ಲಿ ಪ್ರಕಟಿಸಿತು. ಬೇರು, ಎಲೆ, ಹೂವು, ಕಾಳು ಎಲ್ಲೆಡೆಯೂ ದಫ್ತರ ಒಂದೇ, ತೆರೆಯುವ ಪುಟ ಬೇರೆ. ಕಾಳು ತುಂಬುವಾಗ ಕೂಡಿಡುವ ಪ್ರೋಟೀನುಗಳ ಪುಟ ತೆರೆಯುತ್ತದೆ. ನಮ್ಮ ಬೇಳೆಯ ಸತ್ವ ಅದೇ. ಎಲೆಗೆ ಬೆಳಕು ತಾಗಿದಾಗ ಪತ್ರಹರಿತ್ತನ್ನು ಹಿಡಿದಿಡುವ ಪ್ರೋಟೀನುಗಳ ಪುಟ ತೆರೆಯುತ್ತದೆ. ಹಳದಿ ಸಸಿಯಲ್ಲಿ ಆ ಪುಟ ಹರಿದಿಲ್ಲ, ತೆರೆದಿಲ್ಲ, ಅಷ್ಟೇ.

ಕೆಲವೊಮ್ಮೆ ಬರಹದಲ್ಲೇ ಅಕ್ಷರ ತಪ್ಪಿರುತ್ತದೆ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಒಂದೇ ಅಕ್ಷರದ ತಪ್ಪಿನಿಂದ ಬರುತ್ತದೆ. ಅದಕ್ಕೆ ವೈದ್ಯರು ಬೇಕು. ಆದರೆ ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ಕಂಡು, "ಅವರ ವಂಶದಾಗೇ ವಿದ್ಯಾ ಇಲ್ಲ, ಇವನಿಗೆಲ್ಲಿಂದ ಬರಬೇಕು?" ಅನ್ನುತ್ತೇವಲ್ಲ, ಅದು ವಿಜ್ಞಾನವಲ್ಲ. ವಿದ್ಯೆಗೆಂದು ಒಂದು ವಂಶವಾಹಿ ಇಲ್ಲ. ನನ್ನ ಅವ್ವ ಹೆಬ್ಬೆಟ್ಟು ಒತ್ತುತ್ತಿದ್ದಳು. ನನ್ನ ಬಗ್ಗೆಯೂ ಈ ಮಾತು ಬಂದಿತ್ತು. ಈ ಶಾಲೆಯ ಗುರುಗಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಅದಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

ತಾಯಂದಿರಲ್ಲಿ, ಹಿರಿಯರಲ್ಲಿ ಒಂದೇ ಬೇಡಿಕೆ. ಹತ್ತನೇ ತರಗತಿ ಆಯಿತೆಂದು ಹುಡುಗಿಯರನ್ನು ಶಾಲೆ ಬಿಡಿಸಬೇಡಿ. ಆ ಗಡಿಗೆಯನ್ನು ನಾವೇ ಬೋರಲು ಹಾಕುತ್ತಿದ್ದೇವೆ.

ಮಕ್ಕಳೇ, ಹಳದಿ ಡಬ್ಬಿಯನ್ನು ನಿಮ್ಮ ತರಗತಿಯ ಕಿಟಕಿಯಲ್ಲಿಟ್ಟು ಹೋಗುತ್ತೇನೆ. ದಿನಾ ಸ್ವಲ್ಪ ನೀರು ಹಾಕಿ. ಎರಡು ಮೂರು ದಿನ ಬಿಟ್ಟು ಅದರ ಬಣ್ಣ ನೋಡಿ, ನಿಮ್ಮ ವಿಜ್ಞಾನದ ಗುರುಗಳಿಗೆ ಹೇಳಿ.