ಮೊದಲು ಸುರಕ್ಷತೆ, ಆಮೇಲೆ ಸಮುದಾಯ ಭವನ
(ರಾಷ್ಟ್ರೀಯ ಸುರಕ್ಷತಾ ದಿನ, ಮಾರ್ಚ್ 4ರಂದು ಬೆಳೆಗಾರ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



1970ರ ದಶಕದಲ್ಲಿ ಹೊಸೂರಿಗೆ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದಿತು. 2019ರಲ್ಲಿ ಊರು ಮಹಾನಗರ ಪಾಲಿಕೆಯಾಯಿತು. ನಮ್ಮ ಮಕ್ಕಳಿಗೆ ಕೆಲಸ ಸಿಕ್ಕಿತು. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಗೋದಾಮುಗಳು ನಮ್ಮ ಹೊಲದ ಬದುವಿನವರೆಗೂ ಬಂದಿರುವಾಗ, ಒಳಗೆ ಏನಿದೆಯೆಂದು ಕೇಳುವುದೂ ನಮ್ಮ ಕರ್ತವ್ಯ.

2023ರ ಜುಲೈ 29ರಂದು ಕೃಷ್ಣಗಿರಿಯ ಪಳೆಯಪೇಟೆಯಲ್ಲಿ ಪಟಾಕಿ ಗೋದಾಮು ಸಿಡಿದು 9 ಮಂದಿ ಸತ್ತರು. ಅಕ್ಕಪಕ್ಕದ ಕಟ್ಟಡಗಳೂ ಹಾಳಾದವು. ಅದೇ ವರ್ಷ ಅಕ್ಟೋಬರ್ 7ರಂದು ಗಡಿಯಾಚೆಯ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದಿತು. 14ಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಬಹುಪಾಲು ಕೂಲಿಗೆ ಬಂದಿದ್ದ ತಮಿಳುನಾಡಿನ ಹುಡುಗರು.

1984ರ ಡಿಸೆಂಬರಿನಲ್ಲಿ ಭೋಪಾಲದ ಜನರಿಗೆ ಪಕ್ಕದ ಕಾರ್ಖಾನೆಯು ತನ್ನ ವಿಷಾನಿಲದ ಅಪಾಯವನ್ನು ತಿಳಿಸಿರಲಿಲ್ಲ. ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಬೇಕೆಂದು ಗೊತ್ತಿದ್ದರೂ ಎಷ್ಟೋ ಜೀವ ಉಳಿಯುತ್ತಿತ್ತು. ಆದ್ದರಿಂದಲೇ 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಯಿತು. ಅಪಾಯಕಾರಿ ಕೆಲಸ ನಡೆಸುವವರು ಅದರ ವಿವರವನ್ನು ಕಾರ್ಮಿಕರಿಗೆ, ಸ್ಥಳೀಯ ಸಂಸ್ಥೆಗೆ, ಸುತ್ತಲಿನ ಜನರಿಗೆ ತಿಳಿಸತಕ್ಕದ್ದೆಂದು ಅದು ವಿಧಿಸಿತು. 2020ರ ಹೊಸ ಸಂಹಿತೆಯಲ್ಲೂ ಈ ಹೊಣೆ ಉಳಿದಿದೆ.

ಕಾನೂನು ಕಾಗದದಲ್ಲಿದ್ದರೆ ಸಾಲದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮುಂತಾದ ದಿನಗಳಲ್ಲಿ ಗ್ರಾಮಸಭೆ ಸೇರುತ್ತದೆ. ಊರಿನ ಪ್ರತಿಯೊಬ್ಬ ಮತದಾರನೂ ಅದರ ಸದಸ್ಯ. ಅಲ್ಲಿ ಮೂರು ಪ್ರಶ್ನೆ ಕೇಳಿರಿ: ಒಳಗೆ ಏನು ದಾಸ್ತಾನಿದೆ? ಅನಾಹುತವಾದರೆ ಜನ ಯಾವ ದಾರಿಯಲ್ಲಿ ಹೊರಡಬೇಕು? ಅಗ್ನಿಶಾಮಕ ವಾಹನ ನುಗ್ಗಲು ರಸ್ತೆ ಇದೆಯೇ? ಉತ್ತರವನ್ನು ನಿರ್ಣಯವಾಗಿ ಬರೆಸಿರಿ.

ದೊಡ್ಡ ಕಂಪೆನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜ ಕಾರ್ಯಕ್ಕೆ ವೆಚ್ಚ ಮಾಡಬೇಕೆಂದು 2013ರ ಕಂಪೆನಿ ಕಾಯಿದೆ ಹೇಳುತ್ತದೆ. ಶಾಲಾ ಕೊಠಡಿ, ನೀರಿನ ತೊಟ್ಟಿ, ಸಮುದಾಯ ಭವನ ಬರಲಿ, ಸಂತೋಷ. ಆದರೆ ಭವನ ಕೊಟ್ಟರೆಂದು ಬಾಯಿ ಮುಚ್ಚಿಕೊಳ್ಳುವುದು ಬೇಡ. ಅದು ದಾನವೂ ಅಲ್ಲ, ನಮ್ಮ ಪ್ರಾಣದ ಬೆಲೆಯೂ ಅಲ್ಲ.

ಇದೇ ಅಳತೆಗೋಲು ನಮಗೂ ಸಲ್ಲುತ್ತದೆ. ಕಬ್ಬಿನ ಸಿಪ್ಪೆಯ ರಾಶಿಗೆ ಒಂದು ಕಿಡಿ ಸಾಕು. ಹಿಂಬದಿಗೆ ಕೆಂಪು ಪ್ರತಿಫಲಕವಿಲ್ಲದ ಕಬ್ಬಿನ ಟ್ರೈಲರು ರಾತ್ರಿಯಲ್ಲಿ ಯಮದೂತನೇ ಸರಿ. ನಮ್ಮ ಮನೆಯನ್ನು ನಾವು ಸರಿಪಡಿಸಿಕೊಂಡರೆ, ಇತರರನ್ನು ಕೇಳುವ ಬಾಯಿ ನಮಗಿರುತ್ತದೆ.

ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿರಿ. ಮನೆಯ ಹೆಣ್ಣುಮಕ್ಕಳನ್ನೂ ಕರೆದೊಯ್ಯಿರಿ.