ಪಾನುಂಗಲ್ ಹಾನಗಲ್ಲ ಆದದ್ದು ಹೇಗೆ?

ಮಕ್ಕಳೇ, ಹಾವೇರಿ ಜಿಲ್ಲೆಯ ಹಾನಗಲ್ಲಿಗೆ ಹೋದವರು ಅಲ್ಲಿನ ತಾರಕೇಶ್ವರ ಗುಡಿಯನ್ನು ನೋಡದೆ ಬರುವುದಿಲ್ಲ. ಹಳೆಯ ಶಾಸನಗಳಲ್ಲಿ ಆ ಊರಿನ ಹೆಸರು ‘ಪಾನುಂಗಲ್’. ‘ಪಾ’ ಹೋಗಿ ‘ಹಾ’ ಬಂದದ್ದು ಹೇಗೆ?

ಒಂದು ಪ್ರಯೋಗ ಮಾಡೋಣ. ‘ಪಾ’ ಅನ್ನಿ. ಎರಡೂ ತುಟಿ ಕೂಡಿ ಬಿಟ್ಟವು, ಅಲ್ಲವೇ? ಈಗ ‘ಹಾ’ ಅನ್ನಿ. ತುಟಿ ಕೂಡಲೇ ಇಲ್ಲ, ಗಂಟಲಿನಿಂದ ಉಸಿರಷ್ಟೇ ಬಂತು. ತಲೆಮಾರುಗಳು ಕಳೆದಂತೆ ನಮ್ಮ ಹಿರಿಯರ ಬಾಯಲ್ಲಿ ಪದದ ಮೊದಲಿನ ‘ಪ’ ಹೀಗೆ ‘ಹ’ ಆಯಿತು. 10ನೇ ಶತಮಾನದ ಪಂಪನ ಕನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’, ಹಲ್ಲು ‘ಪಲ್’. ತಮಿಳರು ಇಂದಿಗೂ ಹಾಗೆಯೇ ಅನ್ನುತ್ತಾರೆ.

ಈ ನಿಯಮವನ್ನು ಹಿರೇಕೆರೂರಿಗೆ ಹಚ್ಚಿ ನೋಡಿ. ‘ಹಿರಿದು’ ಹಳಗನ್ನಡದಲ್ಲಿ ‘ಪಿರಿದು’, ತಮಿಳಿನಲ್ಲಿ ‘ಪೆರಿದು’. ಲೆಕ್ಕ ಸರಿಹೋಯಿತು! ಕೊನೆಯ ‘ಊರು’ ಸವಣೂರಿನಲ್ಲೂ ಇದೆ. ಅದರಲ್ಲಿ ‘ಪ’ ಇಲ್ಲ, ಹಾಗಾಗಿ ಈ ನಿಯಮ ಅದನ್ನು ಮುಟ್ಟಲಿಲ್ಲ. ತಮಿಳು, ತೆಲುಗು, ತುಳು, ಮಲಯಾಳಂನಲ್ಲೂ ಊರಿಗೆ ಊರೇ. ಇವೆಲ್ಲ ದ್ರಾವಿಡ ಕುಟುಂಬದ ಭಾಷೆಗಳು. ಇವುಗಳ ನಂಟನ್ನು ವಿವರಿಸುವ ವ್ಯಾಕರಣವನ್ನು ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಪ್ರಕಟಿಸಿದರು.

ಶಿಗ್ಗಾಂವಿಯ ‘ಗಾಂವಿ’ ಬೇರೆ ಮನೆತನದ್ದು. ಸಂಸ್ಕೃತದ ‘ಗ್ರಾಮ’ ಸವೆದು ಮರಾಠಿಯಲ್ಲಿ ‘ಗಾವ್’ ಆಗಿದೆ. ಬೆಳಗಾವಿಯಲ್ಲಿ ಇರುವುದೂ ಅದೇ. ಸಂಸ್ಕೃತಕ್ಕೆ ಯುರೋಪಿನ ಭಾಷೆಗಳೊಡನೆ ನೆಂಟಸ್ತನವಿದೆ. ಅಲ್ಲೂ ‘ಪ’ ಬದಲಾಗಿದೆ: ಸಂಸ್ಕೃತದ ‘ಪಿತೃ’, ಲ್ಯಾಟಿನ್ನಿನ ‘ಪಾತೆರ್’ ಇಂಗ್ಲಿಷಿನಲ್ಲಿ ‘ಫಾದರ್’, ‘ಪಾದ’ಕ್ಕೆ ‘ಫುಟ್’. ಈ ನಿಯಮವನ್ನು 1822ರಲ್ಲಿ ವಿವರಿಸಿದವರು ಜರ್ಮನಿಯ ಯಾಕೋಬ್ ಗ್ರಿಮ್. ತಮ್ಮನೊಡನೆ ಜನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಇವರೇ!

ಆದರೆ ಜೋಕೆ. ಇರಾಕಿನಲ್ಲಿ ‘ಉರ್’ ಎಂಬ ಪ್ರಾಚೀನ ನಗರವಿತ್ತು. ಸದ್ದು ಹೋಲುತ್ತದೆ ಎಂದು ಅದನ್ನು ನಮ್ಮ ‘ಊರಿ’ಗೆ ಗಂಟು ಹಾಕುವಂತಿಲ್ಲ. ಒಂದು ಪದ ಹೋಲಿದರೆ ಸಾಲದು. ಹತ್ತಾರು ಪದಗಳಲ್ಲಿ ಅದೇ ನಿಯಮ ಕಾಣಬೇಕು. ಆಗಲೇ ಅದು ವಿಜ್ಞಾನ.

ಹೂವು, ಹೆಸರು, ಹತ್ತು, ಹಣ್ಣು ಈ ನಾಲ್ಕು ಪದಗಳನ್ನು ಬರೆದುಕೊಳ್ಳಿ. ತಮಿಳೋ ತೆಲುಗೋ ಬಲ್ಲವರನ್ನು ಕೇಳಿ, ‘ಪ’ ಎಲ್ಲೆಲ್ಲಿ ಸಿಗುತ್ತದೆ ನೀವೇ ಹುಡುಕಿ.